ದಿನದ ಪೋರ್ಟು, ಹಬ್ಬದ ಪೋರ್ಟು

ಮಾಸ್ತರಿಕೆ ಮಾಡಿ ನಿವೃತ್ತನಾದವನು ಮದ್ಯದ ವಿಷಯ ಬರೆಯಲು ಕುಳಿತಾಗ ಕೈ ಒಂದಿಷ್ಟು ಹಿಂಜರಿಯುವುದು ಸಹಜ. ಇದನ್ನು ಓದುವವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ಹಲವರಿದ್ದಾರೆ. ಅವರಿಂದ ನಾನು 'ಮದ್ಯಪಾನದ ದುಷ್ಪರಿಣಾಮಗಳು' ಎಂಬ ಪ್ರಬಂಧವನ್ನು ಬರೆಸಿದ್ದೇನೆ, ಕೆಂಪು ಶಾಯಿಯಲ್ಲಿ ತಿದ್ದಿಯೂ ಇದ್ದೇನೆ. ಆ ಪ್ರಬಂಧದ ಒಂದು ಸಾಲನ್ನೂ ನಾನು ಇಂದು ಹಿಂದೆಗೆದುಕೊಳ್ಳುವುದಿಲ್ಲ. ಆದರೂ ಬಹಳ ವರ್ಷಗಳಿಂದ ಸಂಜೆ ಏಳು ಗಂಟೆಗೆ ಒಂದು ಸಣ್ಣ ಗಾಜಿನ ಲೋಟದಲ್ಲಿ 50 ಮಿಲಿಲೀಟರಿನಷ್ಟು ಪೋರ್ಟ್ ವೈನನ್ನು ಕುಡಿಯುತ್ತೇನೆ ಎಂಬುದೂ ಅಷ್ಟೇ ನಿಜ. ಅದಕ್ಕಿಂತ ಹೆಚ್ಚಿಲ್ಲ, ಕಡಿಮೆಯೂ ಇಲ್ಲ. ನನ್ನ ಶ್ರೀಮತಿ ಆ ಲೋಟವನ್ನು ಬೇರೆ ಪಾತ್ರೆಗಳೊಂದಿಗೆ ತೊಳೆಯುವುದಿಲ್ಲ. ನಾನೇ ತೊಳೆದು ಕಿಟಕಿಯ ಮೇಲೆ ಬೋರಲು ಹಾಕಬೇಕು. ಅದು ನಮ್ಮಿಬ್ಬರ ನಡುವಿನ ಹಳೆಯ ಒಪ್ಪಂದ.

ಈ ಅಭ್ಯಾಸವನ್ನು ನನಗೆ ಕಲಿಸಿದವರು ಕಾರವಾರದ ನನ್ನ ಮೊದಲ ಶಾಲೆಯ ಡ್ರಾಯಿಂಗ್ ಮಾಸ್ತರರು. ಕೊಂಕಣಿ ಮಾತನಾಡುವ ಕ್ರೈಸ್ತರು, ನನಗಿಂತ ಆರು ವರ್ಷ ಹಿರಿಯರು. ಅವರ ಮನೆಯಲ್ಲಿ ಪೋರ್ಟ್ ಎಂಬುದು ಕುಡಿತದ ಪಟ್ಟಿಗೆ ಸೇರಿದ್ದೇ ಅಲ್ಲ. ಬಾಣಂತಿಯರಿಗೆ ಒಂದು ಚಮಚ, ಕ್ರಿಸ್‌ಮಸ್ಸಿನ ಕುಸ್ವಾರ್ ತಟ್ಟೆಯ ಜೊತೆಗೆ ಬಂದವರಿಗೆಲ್ಲ ಒಂದು ಗುಟುಕು, ಜ್ವರ ಬಿಟ್ಟವರಿಗೆ ಅರ್ಧ ಗುಟುಕು. ಗೋವೆಯಲ್ಲಿ ಪೋರ್ಚುಗೀಸರು 1510ರಿಂದ 1961ರವರೆಗೆ ಇದ್ದರು. ಅವರು ಹೋದರೂ ಅವರ ಕೆಲವು ರೂಢಿಗಳು ಕಾಳಿ ನದಿಯ ಈಚೆಯ ದಂಡೆಯವರೆಗೂ ಉಳಿದುಕೊಂಡವು. ಬಾಟಲಿ ಗೋವೆಯ ನೆಂಟರ ಚೀಲದಲ್ಲಿ ಬರುತ್ತಿತ್ತು. ಮಾಜಾಳಿಯ ತಪಾಸಣಾ ಠಾಣೆಯನ್ನು ಅದು ಹೇಗೆ ದಾಟುತ್ತಿತ್ತೆಂದು ನಾನು ಕೇಳಿದವನಲ್ಲ.

ಮುಂದೆ ನನಗೆ ಕುಮಟೆಗೆ ವರ್ಗವಾಯಿತು. ಅವರು ಕಾರವಾರದಲ್ಲೇ ಉಳಿದರು. ಮನೆಗೆ ಫೋನು ಬಂದ ಮೇಲೆ ಸಂಜೆ ಏಳಕ್ಕೆ ಅವರ ಕರೆ ಬರುತ್ತಿತ್ತು: "ಮಾಸ್ತರೇ, ಔಷಧ ತಕ್ಕೊಂಡ್ರಾ?" ಅಷ್ಟೇ ಮಾತು ಕೆಲವು ದಿನ, ಕೆಲವು ದಿನ ಅರ್ಧ ಗಂಟೆ. ನಾನು 2006ರಲ್ಲಿ ನಿವೃತ್ತನಾದ ಮೇಲೂ ಇದು ತಪ್ಪಲಿಲ್ಲ. 2021ರ ಮೇ ತಿಂಗಳಲ್ಲಿ, ಕೊರೋನಾದ ಎರಡನೆಯ ಅಲೆಯಲ್ಲಿ ಅವರು ತೀರಿಕೊಂಡರು. ಮಣ್ಣಿಗೆ ಹೋಗಲು ಆಗಲಿಲ್ಲ, ಯಾರಿಗೂ ಆಗುತ್ತಿರಲಿಲ್ಲ. ಕರೆ ನಿಂತಿತು, ಲೋಟ ನಿಲ್ಲಲಿಲ್ಲ. ಇದನ್ನು ಮೊದಲೇ ಹೇಳುವ ಕಾರಣವೇನೆಂದರೆ, ಮುಂದೆ ನಾನು ಬರೆಯಲಿರುವ ಪೈಸೆ ಪೈಸೆಯ ಲೆಕ್ಕಾಚಾರವೆಲ್ಲ ಒಬ್ಬ ಮುದುಕನ ಚಪಲದ ಕಥೆಯಾಗಿ ತೋರಬಾರದು.

2022ರ ನವೆಂಬರಿನಲ್ಲಿ ನಾವಿಬ್ಬರೂ ಸ್ವೀಡನ್ನಿನ ಉತ್ತರ ಭಾಗದ ಉಮೆಯೊ ಎಂಬ ಊರಿಗೆ ಹೋದೆವು. ಮಗಳು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧಕಿ. ಜನವರಿಯಲ್ಲಿ ಅವಳಿಗೆ ಹೆರಿಗೆ. ಬಾಣಂತನಕ್ಕೆಂದು ಹೋದವರು ಹನ್ನೊಂದು ತಿಂಗಳು ಉಳಿದೆವು. ಉಮೆಯೊವನ್ನು ಬರ್ಚ್ ಮರಗಳ ಊರು ಎನ್ನುತ್ತಾರೆ. 1888ರಲ್ಲಿ ಊರು ಸುಟ್ಟುಹೋದ ಮೇಲೆ, ಬೆಂಕಿ ಮನೆಯಿಂದ ಮನೆಗೆ ಹಬ್ಬದಿರಲೆಂದು ಅಗಲವಾದ ಬೀದಿಗಳನ್ನು ಮಾಡಿ ಸಾಲು ಸಾಲಾಗಿ ನೆಟ್ಟ ಮರಗಳವು. ನಾವು ಹೋದಾಗ ಅವು ಬೋಳಾಗಿದ್ದವು. ಡಿಸೆಂಬರಿನಲ್ಲಿ ಸೂರ್ಯ ಒಂಬತ್ತರ ಮೇಲೆ ಹುಟ್ಟಿ ಮಧ್ಯಾಹ್ನ ಎರಡರೊಳಗೆ ಮುಳುಗುತ್ತಿದ್ದ. ಸಂಜೆ ಏಳು ಎಂಬುದಕ್ಕೆ ಅಲ್ಲಿ ಅರ್ಥವೇ ಇರಲಿಲ್ಲ. ಐದು ತಾಸಿನಿಂದ ರಾತ್ರಿಯೇ ಆಗಿರುತ್ತಿತ್ತು. ಆದರೆ ಗಡಿಯಾರದಲ್ಲಿ ಏಳಾಗುತ್ತಿತ್ತಲ್ಲ!

ಆ ದೇಶದಲ್ಲಿ ಶೇಕಡಾ 3.5ಕ್ಕಿಂತ ಹೆಚ್ಚು ಮದ್ಯಸಾರವಿರುವ ಯಾವ ಪಾನೀಯವನ್ನೂ ಸಾಮಾನ್ಯ ಅಂಗಡಿಯಲ್ಲಿ ಕೊಂಡು ಮನೆಗೆ ತರುವಂತಿಲ್ಲ. ಅದಕ್ಕೆ ಸರ್ಕಾರದ್ದೇ ಅಂಗಡಿ, ಹೆಸರು ಸಿಸ್ಟೆಮ್‌ಬೊಲಾಗೆಟ್. ಶನಿವಾರ ಮಧ್ಯಾಹ್ನ ಮೂರಕ್ಕೆ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಸೋಮವಾರ. ಇಪ್ಪತ್ತು ವರ್ಷ ತುಂಬದವರಿಗೆ ಮಾರುವುದಿಲ್ಲ. ಎರಡು ಕೊಂಡರೆ ಒಂದು ಉಚಿತ ಎಂಬ ಮಾತಿಲ್ಲ, ಹೆಚ್ಚು ಕೊಂಡವನಿಗೆ ರಿಯಾಯಿತಿಯಿಲ್ಲ, ಬಿಯರನ್ನು ತಂಪಾಗಿಸಿ ಇಡುವುದೂ ಇಲ್ಲ. ದೇಶದ ಯಾವ ಮೂಲೆಗೆ ಹೋದರೂ ಒಂದೇ ಬೆಲೆ. ಒಳಗೆ ಕಾಲಿಟ್ಟಾಗ ನನಗೆ ನೆನಪಾದದ್ದು ನಮ್ಮ ಊರಿನ ವೈನ್ ಶಾಪುಗಳ ಕಬ್ಬಿಣದ ಜಾಲರಿಯಲ್ಲ, ಜಿಲ್ಲಾ ಗ್ರಂಥಾಲಯ. ಅಷ್ಟು ಬೆಳಕು, ಅಷ್ಟು ಮೌನ, ಅಷ್ಟು ಶಿಸ್ತಿನ ಕಪಾಟುಗಳು. ಕೆಲಸದವರು ಗ್ರಂಥಪಾಲಕರಂತೆಯೇ ಕೇಳಿದ್ದಕ್ಕೆ ಉತ್ತರಿಸುತ್ತಾರೆ, ದುಬಾರಿಯದನ್ನು ಕೊಳ್ಳಿರೆಂದು ಒತ್ತಾಯಿಸುವುದಿಲ್ಲ. ಮಾರಿದಷ್ಟೂ ಲಾಭವೆಂಬ ಆಸೆಯನ್ನು ಅಂಗಡಿಯಿಂದ ತೆಗೆದುಬಿಡುವುದೇ ಆ ವ್ಯವಸ್ಥೆಯ ಮೂಲ ವಿಚಾರವಂತೆ.

ಆದರೆ ನನಗೆ ಬೇಕಾದ ಕಪಾಟಿನಲ್ಲಿ ಇದ್ದದ್ದು ಐದಾರು ಬಗೆಯ ಪೋರ್ಟ್ ಮಾತ್ರ. ಅವುಗಳಲ್ಲಿ ಅರ್ಧ ನನ್ನ ಅಳವಿಗೆ ಮೀರಿದವು.

ಬೆಲೆಯ ಒಳಗುಟ್ಟನ್ನು ಅಳಿಯ ವಿವರಿಸಿದರು. ಯುರೋಪಿನ ಒಕ್ಕೂಟದ ತೆರಿಗೆ ಲೆಕ್ಕದಲ್ಲಿ ವೈನು ಒಂದು ವರ್ಗ, ಬ್ರಾಂಡಿ ವಿಸ್ಕಿಗಳು ಇನ್ನೊಂದು ವರ್ಗ, ಇವೆರಡರ ನಡುವೆ ಮಧ್ಯಂತರ ಉತ್ಪನ್ನಗಳೆಂಬ ಮೂರನೆಯದೊಂದು. ವೈನಿಗೆ ಬ್ರಾಂಡಿ ಬೆರೆಸಿ ಮಾಡುವ ಪೋರ್ಟ್ ಈ ಮೂರನೆಯದರಲ್ಲಿ ಬೀಳುತ್ತದೆ. ಸ್ವೀಡನ್ನಿನಲ್ಲಿ ಅದರ ಮೇಲೆ ಲೀಟರಿಗೆ 50 ಕ್ರೋನಕ್ಕೂ ಮೀರಿದ ಮದ್ಯ ತೆರಿಗೆ, ಎಂದರೆ ಮಾಮೂಲಿ ವೈನಿನ ತೆರಿಗೆಯ ಹೆಚ್ಚುಕಡಿಮೆ ಎರಡರಷ್ಟು. ಅದೆಲ್ಲದರ ಮೇಲೆ ಶೇಕಡಾ 25 ಮೌಲ್ಯವರ್ಧಿತ ತೆರಿಗೆ. ಹೀಗಾಗಿ ತೀರ ಸಾಧಾರಣ ಪೋರ್ಟಿನ 750 ಮಿಲಿಲೀಟರಿನ ಬಾಟಲಿಯೂ 120 ಕ್ರೋನದ ಆಸುಪಾಸಿನಲ್ಲಿತ್ತು. ಕ್ರೋನಕ್ಕೆ ಆಗ ಸುಮಾರು 8 ರೂಪಾಯಿ. ಬಾಟಲಿಗೆ 960 ರೂಪಾಯಿ. ಹದಿನೈದು ದಿನಕ್ಕೊಂದು ಬಾಟಲಿ, ತಿಂಗಳಿಗೆ ಎರಡು, 1,920 ರೂಪಾಯಿ.

ಓದುವವರಲ್ಲಿ ಬೆಂಗಳೂರಿನ ಕಂಪನಿಗಳಲ್ಲಿ ಇರುವವರಿಗೆ ಇದೇನು ದೊಡ್ಡ ಮೊತ್ತ ಎನಿಸಬಹುದು. ನಾನು ಪ್ರೌಢಶಾಲೆಯ ಸಹಶಿಕ್ಷಕನಾಗಿ ನಿವೃತ್ತನಾದವನು, ಪಿಂಚಣಿ ರೂಪಾಯಿಯಲ್ಲಿ ಬರುತ್ತದೆ. ಮಗಳ ಮನೆಯಲ್ಲಿ ಊಟ, ಬಟ್ಟೆ, ಬಸ್ಸಿನ ಚೀಟಿ, ಕೊನೆಗೆ ಹಿಮದಲ್ಲಿ ಜಾರದಂತೆ ಬೂಟಿಗೆ ಕಟ್ಟುವ ಮುಳ್ಳುಪಟ್ಟಿ ಕೂಡ ಅವರ ಖರ್ಚಿನಲ್ಲಿ ಬಂದವು. ಅದೆಲ್ಲವನ್ನೂ ಸಂತೋಷದಿಂದಲೇ ಸ್ವೀಕರಿಸಿದೆ. ಈ ಒಂದನ್ನು ಮಾತ್ರ ಅವರ ಹಣದಲ್ಲಿ ಕುಡಿಯಲಾರೆ ಎಂದು ನಿಶ್ಚಯಿಸಿಕೊಂಡಿದ್ದೆ. ಹೊರಡುವ ಮುನ್ನ ನನ್ನ ಉಳಿತಾಯದಿಂದ 3,000 ಕ್ರೋನ ಮಾಡಿಸಿಕೊಂಡು ಬೇರೆ ಲಕೋಟೆಯಲ್ಲಿ ಇಟ್ಟುಕೊಂಡಿದ್ದೆ. ಹನ್ನೊಂದು ತಿಂಗಳಿಗೆ ಇಪ್ಪತ್ತೆರಡು ಬಾಟಲಿ, 2,640 ಕ್ರೋನ. ಲಕೋಟೆ ಸಾಲುತ್ತದೆ, ಆದರೆ ಬಾಟಲಿಗೆ 136 ಕ್ರೋನ ದಾಟಿದರೆ ಸಾಲುವುದಿಲ್ಲ. ನನ್ನ ಹುಡುಕಾಟದ ಗಡಿರೇಖೆ ಅದು.

"ಅಪ್ಪ, ಇಲ್ಲಿ ಹೊರಗೆ ಒಂದು ಲೋಟ ಕಾಫಿಗೆ 40 ಕ್ರೋನ. ನಿನ್ನ ಔಷಧಕ್ಕೆ 8. ಯಾಕೆ ಇಷ್ಟು ಲೆಕ್ಕ?" ಎಂದಳು ಮಗಳು. ಅದಕ್ಕೇ ನಾನು ಹೊರಗೆ ಕಾಫಿ ಕುಡಿಯುವುದಿಲ್ಲ ಎಂದೆ.

ಈಗ ಪೋರ್ಟಿನ ಜಾತಿಗಳ ವಿಚಾರಕ್ಕೆ ಬರುತ್ತೇನೆ. ನಿತ್ಯದ ಕುಡಿತಕ್ಕೆ ಯಾವುದು ಒದಗುತ್ತದೆಂಬ ಪ್ರಶ್ನೆಗೆ ಬೆಲೆಯಷ್ಟೇ ಉತ್ತರವಲ್ಲ. ಪೋರ್ಚುಗಲ್ಲಿನ ಡೋರು ನದಿಯ ಕಣಿವೆಯಲ್ಲಿ ದ್ರಾಕ್ಷಿಯನ್ನು ತುಳಿದು ರಸವನ್ನು ಹುದುಗಲು ಬಿಡುತ್ತಾರೆ. ಎರಡು ಮೂರು ದಿನಗಳಲ್ಲಿ, ಸಿಹಿ ಇನ್ನೂ ಅರ್ಧದಷ್ಟು ಉಳಿದಿರುವಾಗಲೇ, ಶೇಕಡಾ 77ರಷ್ಟು ಬಲವಿರುವ ದ್ರಾಕ್ಷಿಯ ಸಾರಾಯಿಯನ್ನು ನಾಲ್ಕಕ್ಕೆ ಒಂದರ ಸುಮಾರಿನಲ್ಲಿ ಬೆರೆಸುತ್ತಾರೆ. ಹುದುಗು ಸತ್ತುಹೋಗುತ್ತದೆ, ಸಿಹಿ ಉಳಿಯುತ್ತದೆ, ಬಲ ಶೇಕಡಾ 20ರ ಹತ್ತಿರಕ್ಕೆ ಏರುತ್ತದೆ. ಇದನ್ನು ದೊಡ್ಡ ತೊಟ್ಟಿಗಳಲ್ಲಿ ಗಾಳಿ ತಾಗದಂತೆ ಕೆಲಕಾಲ ಇಟ್ಟು ಬಾಟಲಿಗೆ ತುಂಬಿದರೆ ರೂಬಿ: ಕೆಂಪು, ನೇರಿಳೆ ಹಣ್ಣಿನ ಕಂಪು. ಮರದ ಚಿಕ್ಕ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಟ್ಟರೆ ಮರದ ಸೂಕ್ಷ್ಮ ರಂಧ್ರಗಳಿಂದ ಗಾಳಿ ತಾಗಿ ತಾಗಿ ಬಣ್ಣ ಮಾಸಿ, ಹಳೆಯ ಜೋನಿಬೆಲ್ಲದ ಬಣ್ಣಕ್ಕೆ ತಿರುಗಿ, ಒಣಹಣ್ಣು ಮತ್ತು ಅಕ್ರೋಟಿನ ರುಚಿ ಬರುತ್ತದೆ; ಅದು ಟಾನಿ. ಒಳ್ಳೆಯ ವರ್ಷದ ಒಳ್ಳೆಯ ರಸವನ್ನು ಎರಡು ಮೂರು ವರ್ಷಗಳೊಳಗೆ ಬಾಟಲಿಗೆ ಹಾಕಿ, ಬಾಟಲಿಯಲ್ಲೇ ದಶಕಗಳ ಕಾಲ ಮಾಗಲು ಬಿಡುವುದು ವಿಂಟೇಜ್. ಅದು ಜಮೀನ್ದಾರರ ಮಾತು. ನಾಲ್ಕರಿಂದ ಆರು ವರ್ಷ ಪೀಪಾಯಿಯಲ್ಲಿ ಇಟ್ಟು ಬಾಟಲಿಗೆ ಹಾಕಿದ, ತಡವಾಗಿ ತುಂಬಿದ ವಿಂಟೇಜ್ ಎಂಬುದು ಮಧ್ಯಮ ವರ್ಗದವರಿಗೆ.

ದಿನಕ್ಕೆ 50 ಮಿಲಿಲೀಟರ್ ಕುಡಿಯುವವನಿಗೆ ಮುಖ್ಯ ಪ್ರಶ್ನೆ, ಬೂಚು ತೆಗೆದ ಮೇಲೆ ಎಷ್ಟು ದಿನ ಎಂಬುದು. ವಿಂಟೇಜನ್ನು ತೆರೆದರೆ ಒಂದೆರಡು ದಿನಗಳಲ್ಲಿ ಮುಗಿಸಬೇಕು. ಹದಿನೈದು ಜನ ಅತಿಥಿಗಳಿದ್ದರೆ ಸರಿ. ತಡವಾಗಿ ತುಂಬಿದ್ದು ಹೆಚ್ಚೆಂದರೆ ಒಂದು ವಾರ. ರೂಬಿ ಒಂದೂವರೆ ವಾರದ ತನಕ ತನ್ನ ಮುಖವನ್ನು ಉಳಿಸಿಕೊಳ್ಳುತ್ತದೆ, ಆಮೇಲೆ ಸಪ್ಪೆ. ಟಾನಿಗೆ ಗಾಳಿಯ ಭಯವಿಲ್ಲ. ಪೀಪಾಯಿಯಲ್ಲಿ ಇದ್ದಷ್ಟು ಕಾಲವೂ ಗಾಳಿಯೊಡನೆಯೇ ಬಾಳಿ ಬಂದದ್ದು. ಬೂಚು ತೆಗೆದು ತಂಪು ಜಾಗದಲ್ಲಿ ಇಟ್ಟರೆ ಮೂರು ನಾಲ್ಕು ವಾರ ಧಾರಾಳವಾಗಿ ನಿಲ್ಲುತ್ತದೆ. ಹಾಗಾಗಿ ಬಾಟಲಿಗೆ ಹದಿನೈದು ದಿನದ ನನ್ನಂಥವನಿಗೆ ಟಾನಿಯೇ ಗತಿ. ಅರ್ಧ ಬಾಟಲಿಗಳೂ ಇವೆ, ನಿಜ, ಆದರೆ ಅವುಗಳಲ್ಲಿ ಲೋಟದ ಲೆಕ್ಕಕ್ಕೆ ದರ ಹೆಚ್ಚು. ಬಡವನಿಗೆ ಚಿಲ್ಲರೆಯಾಗಿ ಕೊಂಡಾಗಲೇ ತುಟ್ಟಿ ಎಂಬುದು ಕುಮಟೆಯ ಸಂತೆಯಲ್ಲೂ ಉಮೆಯೊದಲ್ಲೂ ಒಂದೇ.

ಸ್ಥಳೀಯ ಅಂಗಡಿಯ ಕಪಾಟಿನಲ್ಲಿದ್ದ ಅಗ್ಗದವುಗಳಲ್ಲಿ ಹೆಚ್ಚಿನವು ರೂಬಿ. ಇದ್ದ ಒಂದು ಟಾನಿಗೆ ಹೆಸರು ಮಾತ್ರ ಟಾನಿ ಎಂದು ನನಗೆ ಅನ್ನಿಸಿತು. ಬಣ್ಣ ತೆಳು, ರುಚಿ ಇನ್ನೂ ತೆಳು. ಡಿಸೆಂಬರಿನಲ್ಲಿ ಅದೂ ಮುಗಿದುಹೋಯಿತು. ಕ್ರಿಸ್‌ಮಸ್ಸಿಗೆ ಅಲ್ಲಿಯ ಜನ ಗ್ಲೆಗ್ ಎಂಬ ಮಸಾಲೆ ಹಾಕಿದ ಬಿಸಿ ವೈನನ್ನು ಬಾದಾಮಿ, ಒಣದ್ರಾಕ್ಷಿಗಳ ಜೊತೆಗೆ ಕುಡಿಯುತ್ತಾರೆ; ಆ ಗಡಿಬಿಡಿಯಲ್ಲಿ ಪೋರ್ಟಿನ ಕಪಾಟೂ ಬರಿದಾಗುತ್ತದೆ. ಬ್ಯೋತ್ನಿಯಾ ಕೊಲ್ಲಿಯ ಆಚೆ ದಡದ ಫಿನ್ಲೆಂಡಿನ ವಾಸಾ ಪಟ್ಟಣಕ್ಕೆ ಉಮೆಯೊದಿಂದ ಹಡಗು ಇದೆ. ಹಿಂದೆ ಆ ಹಡಗಿನಲ್ಲಿ ತೆರಿಗೆಯಿಲ್ಲದ ಮದ್ಯ ಸಿಗುತ್ತಿತ್ತಂತೆ, ಅದಕ್ಕೆಂದೇ ಜನ ಹೋಗಿ ಬರುತ್ತಿದ್ದರಂತೆ. ಒಕ್ಕೂಟದ ದೇಶಗಳ ನಡುವಿನ ಆ ಸವಲತ್ತು 1999ರಲ್ಲಿ ನಿಂತಿತು. ಫಿನ್ಲೆಂಡಿನಲ್ಲೂ ಆಲ್ಕೊ ಎಂಬ ಸರ್ಕಾರಿ ಅಂಗಡಿಯೇ. ಸಮುದ್ರ ದಾಟಿ ಹೋಗಿ ಅದೇ ಸರತಿಯಲ್ಲಿ ನಿಲ್ಲುವುದರಲ್ಲಿ ಅರ್ಥವಿರಲಿಲ್ಲ.

ಜನವರಿಯಲ್ಲಿ ಮೊಮ್ಮಗಳು ಹುಟ್ಟಿದಳು. ಅದೇ ತಿಂಗಳು ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಶಾಖೆಯು, ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲ ಎಂಬ ಹೇಳಿಕೆಯನ್ನು ಹೊರಡಿಸಿತು. ಮಗಳು ಅದನ್ನು ಹಾಸಿಗೆಯಲ್ಲಿ ಕುಳಿತು ಫೋನಿನಲ್ಲಿ ಓದಿ ನನಗೆ ಕೇಳಿಸಿದಳು. ಶ್ರೀಮತಿ ಶುಂಠಿ ಲೇಹ್ಯ ಕಲಸುತ್ತಿದ್ದವಳು, "ಅಲ್ರೀ, ಕೇಳಿದ್ರಾ?" ಎಂದಳು. ಕೇಳಿದೆ. ಹೃದಯಕ್ಕೆ ಒಳ್ಳೆಯದು, ರಕ್ತ ಹೆಚ್ಚುತ್ತದೆ ಎಂದೆಲ್ಲ ನಾನು ಎಂದೂ ವಾದಿಸಿದವನಲ್ಲ. ನನ್ನ ಗೆಳೆಯರು 'ಔಷಧ' ಎನ್ನುತ್ತಿದ್ದುದು ತಮಾಷೆಗೆ. ಎಪ್ಪತ್ತೈದನೆಯ ವಯಸ್ಸಿನಲ್ಲಿ ದಿನಕ್ಕೆ 50 ಮಿಲಿಲೀಟರಿನಿಂದ ಆಗಬಹುದಾದ ಅಪಾಯವನ್ನು ತಿಳಿದೇ ಇಟ್ಟುಕೊಂಡಿದ್ದೇನೆ ಎಂದಷ್ಟೇ ಹೇಳಿದೆ. ಮಗಳು ವಿಜ್ಞಾನಿ, ಆ ಉತ್ತರವನ್ನು ಒಪ್ಪಲಿಲ್ಲ, ಆದರೆ ಮತ್ತೆ ಓದಿ ಹೇಳಲೂ ಇಲ್ಲ.

ನಾಮಕರಣದ ದಿನ ಅಳಿಯ ನನ್ನ ಕೈಗೆ ಒಂದು ಮರದ ಪೆಟ್ಟಿಗೆಯನ್ನು ಇಟ್ಟರು. ಒಳಗೆ ಇಪ್ಪತ್ತು ವರ್ಷದ ಟಾನಿ. ಬೆಲೆಯನ್ನು ಅವರು ಹೇಳಲಿಲ್ಲ. ನನಗೆ ಅಷ್ಟರಲ್ಲಿ ಪಟ್ಟಿ ಬಾಯಿಪಾಠವಾಗಿತ್ತು, ಹೇಳಬೇಕಾಗಿಯೂ ಇರಲಿಲ್ಲ. ಬಹಳ ಪ್ರೀತಿಯಿಂದ ತಂದದ್ದು. ತೆರೆದೆವು, ಅವರೂ ನಾನೂ ಅಲ್ಲಿಯೇ ಓದುತ್ತಿದ್ದ ಇಬ್ಬರು ಕನ್ನಡದ ಹುಡುಗರೂ ಕುಡಿದೆವು. ಅಂಥದ್ದನ್ನು ನಾನು ಜನ್ಮದಲ್ಲಿ ಕುಡಿದಿರಲಿಲ್ಲ. ನುಂಗಿದ ಮೇಲೆ ಐದು ನಿಮಿಷ ಬಾಯಿಯಲ್ಲಿ ಉಳಿಯಿತು. ಆದರೆ ಮರುದಿನ ಏಳು ಗಂಟೆಗೆ ಆ ಬಾಟಲಿಯಿಂದ ಬಗ್ಗಿಸಲು ಕೈ ಬರಲಿಲ್ಲ. ಹಬ್ಬದ ದಿನ ಹೋಳಿಗೆ ಸರಿ. ನಿತ್ಯವೂ ಹೋಳಿಗೆ ಬಡಿಸಿದರೆ ಗಂಜಿಯ ಋಣ ಏನಾಗಬೇಕು? ನನ್ನ ಗೆಳೆಯರು ಕುಡಿಯುತ್ತಿದ್ದುದು ಅಗ್ಗದ ಪೋರ್ಟನ್ನು, ಉಪಾಧ್ಯಾಯರ ಸಂಬಳಕ್ಕೆ ನಿಲುಕುವಂಥದನ್ನು. ಅಳಿಯನಿಗೆ ಇದನ್ನು ಹೇಗೆ ಹೇಳುವುದೆಂದು ತಿಳಿಯದೆ ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಹೇಳಿಯೇಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅಂಗಡಿಯಲ್ಲಿಲ್ಲದ್ದನ್ನು ತರಿಸುವುದು ಹೇಗೆಂದು ತೋರಿಸುತ್ತೇನೆ, ಹಣ ನೀವೇ ಕೊಡಿ" ಎಂದರು. ಆ ಕ್ಷಣದಿಂದ ಅವರ ಮೇಲಿನ ನನ್ನ ಗೌರವ ಇಮ್ಮಡಿಯಾಯಿತು.

ತರಿಸುವ ಕ್ರಮ ಹೀಗಿತ್ತು. ಅಂಗಡಿಯ ಕಪಾಟಿನಲ್ಲಿರುವುದು ಅವರ ಸಂಗ್ರಹದ ಒಂದು ಅಂಶ ಮಾತ್ರ. ಕಂಪ್ಯೂಟರಿನ ಪಟ್ಟಿಯಲ್ಲಿ ಇನ್ನೂ ಬಹಳಷ್ಟಿದೆ. ಆರಿಸಿ ಹೇಳಿದರೆ ನಮ್ಮ ಊರಿನ ಅಂಗಡಿಗೆ ಸಾಗಣೆ ವೆಚ್ಚವಿಲ್ಲದೆ ತರಿಸಿ ಕೊಡುತ್ತಾರೆ. ಪ್ರಪಂಚದ ಆ ತುದಿಯ ಹಿಮದೂರಿಗೂ ರಾಜಧಾನಿಗೂ ಒಂದೇ ಪಟ್ಟಿ, ಒಂದೇ ಬೆಲೆ. ಒಂದು ಸಂಜೆಯೆಲ್ಲ ಕುಳಿತು, ಪರೀಕ್ಷೆಯ ಅಂಕಪಟ್ಟಿ ಮಾಡುವಂತೆ ಮನೆಯಲ್ಲಿದ್ದ ಚೌಕುಳಿ ಹಾಳೆಯ ಮೇಲೆ ಹೆಸರು, ಬಗೆ, ಬಲ, ಬೆಲೆ ಎಂದು ಗೆರೆ ಹಾಕಿ ಬರೆದೆ. ಫ್ರಾನ್ಸಿನ ಬಾನ್ಯೂಲ್ಸ್, ಮೊರಿ ಎಂಬವೂ ಇದೇ ಕ್ರಮದಲ್ಲಿ ಸಾರಾಯಿ ಬೆರೆಸಿ ಮಾಡಿದ ಸಿಹಿ ವೈನುಗಳು. ಸ್ಪೇನಿನ ಮಲಗಾ, ಪೋರ್ಚುಗಲ್ಲಿನದೇ ಆದ ಸೆತುಬಲ್ಲಿನ ಮೊಸ್ಕತೆಲ್ ಇವೂ ಹತ್ತಿರದ ಬಂಧುಗಳು. ಕೆಲವು ಅಗ್ಗವೂ ಆಗಿದ್ದವು. ಮೊಸ್ಕತೆಲ್ಲನ್ನು ಒಮ್ಮೆ ತರಿಸಿದೆ. ಕಿತ್ತಳೆ ಸಿಪ್ಪೆಯ ಪರಿಮಳ, ಚೆನ್ನಾಗಿಯೇ ಇತ್ತು. ಆದರೆ ಅದು ಏಳು ಗಂಟೆಯದಲ್ಲ. ಕೊನೆಗೆ 129 ಕ್ರೋನದ ಒಂದು ಸಾದಾ ಟಾನಿ ಗೊತ್ತಾಯಿತು: ವಯಸ್ಸಿನ ಜಂಬವಿಲ್ಲ, ಬಣ್ಣದ ಶೀಶೆಯಿಲ್ಲ, ಮತ್ತೆ ಮುಚ್ಚಲು ಅನುಕೂಲವಾಗುವ ಗುಂಡಿಬೂಚು. ತರಿಸಿದ ದಿನ ಲೇಬಲ್ಲಿನ ಮೂಲೆಯಲ್ಲಿ ಬೂಚು ತೆಗೆದ ದಿನಾಂಕವನ್ನು ಪೆನ್ಸಿಲಿನಿಂದ ಬರೆದೆ. ಹದಿನೈದನೆಯ ದಿನದ ಲೋಟವೂ ಮೊದಲನೆಯದರಷ್ಟೇ ಹಿತವಾಗಿತ್ತು. ಬ್ರಾಂಡಿನ ಹೆಸರು ಹೇಳುವುದಿಲ್ಲ. ಅಂಥವು ಹಲವು ಇವೆ.

ನೆರೆಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ನಿವೃತ್ತ ದಾದಿ ಇದ್ದರು. ಮಗುವನ್ನು ನೋಡಲು ಬಂದವರೊಡನೆ ಮಾತು ಅಂಗಡಿಯತ್ತ ತಿರುಗಿತು. ಅವರ ತಂದೆಯ ಮೇಜಿನ ಖಾನೆಯಲ್ಲಿ ಮೊಟ್‌ಬೂಕ್ ಎಂಬ ಚಿಕ್ಕ ಪುಸ್ತಕವಿರುತ್ತಿತ್ತಂತೆ. ನಮ್ಮ ಪಡಿತರ ಚೀಟಿಯಂಥದೇ, ಆದರೆ ಅಕ್ಕಿ ಸಕ್ಕರೆಗಲ್ಲ, ಸಾರಾಯಿಗೆ. ಪ್ರತಿ ಖರೀದಿಗೂ ಮುದ್ರೆ. ಇವಾನ್ ಬ್ರಾಟ್ ಎಂಬ ವೈದ್ಯರು ರೂಪಿಸಿದ ಪದ್ಧತಿ ಅದು. 1922ರಲ್ಲಿ ಪೂರ್ಣ ಪಾನನಿಷೇಧ ಬೇಕೇ ಎಂದು ಜನಮತ ಕೇಳಿದಾಗ ಬೇಡವೆಂದವರು ನೂರಕ್ಕೆ 51 ಮಾತ್ರ. ಕೂದಲೆಳೆಯಲ್ಲಿ ತಪ್ಪಿದ ನಿಷೇಧ. ಆಮೇಲೂ ಚೀಟಿ ಪದ್ಧತಿ ನಡೆದು, 1955ರ ಅಕ್ಟೋಬರ್ 1ರಂದು ರದ್ದಾಯಿತು. ಈಗಿನ ಸರ್ಕಾರಿ ಅಂಗಡಿಯೂ ಆ ವರ್ಷದ್ದೇ. "ನನ್ನ ತಾಯಿಗೆ ಆ ಪುಸ್ತಕ ಇರಲಿಲ್ಲ. ಮದುವೆಯಾದ ಹೆಂಗಸಿಗೆ ಕೊಡುತ್ತಿರಲಿಲ್ಲ" ಎಂದರು ಆಕೆ. ಶ್ರೀಮತಿ ಇದನ್ನು ಕೇಳಿ, ಪಾಪ ಎನ್ನುವಳೋ ಒಳ್ಳೆಯದೇ ಆಯಿತು ಎನ್ನುವಳೋ ಎಂದು ನಾನು ಕಾದೆ. "ಕೊಡದಿದ್ದುದು ಸರಿ, ಗಂಡಸರಿಗೆ ಕೊಟ್ಟದ್ದು ತಪ್ಪು" ಎಂದಳು.

ಆ ಅಂಗಡಿಯಿಂದ ನನಗೆ ತೊಂದರೆಯೇ ಆಯಿತು, ಆದರೂ ನಾನು ಅದರ ಪಕ್ಷಪಾತಿ. ಅಂಕೋಲೆ, ಕುಮಟೆಯ ಹಳ್ಳಿಗಳ ಶಾಲೆಗಳಲ್ಲಿ ಸೋಮವಾರ ಗೈರುಹಾಜರಾಗುವ ಮಕ್ಕಳ ಮನೆಗೆ ನಡೆದು ಹೋದವನು ನಾನು. ಭಾನುವಾರದ ಸಾರಾಯಿಗೆ ಮಗನ ಪರೀಕ್ಷಾ ಶುಲ್ಕ ಕೊಟ್ಟುಬಿಟ್ಟ ತಂದೆಯರನ್ನು ಕಂಡಿದ್ದೇನೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾದಾಗ ನಾನು ನಿವೃತ್ತನಾಗಿ ಒಂದು ವರ್ಷ; ಆ ಸುದ್ದಿಯನ್ನು ಓದಿ ಸಂತೋಷಪಟ್ಟೆ. ಆದರೆ ನಮ್ಮಲ್ಲಿ ಒಂದು ಬಾಗಿಲು ಮುಚ್ಚಿದರೆ ಪಕ್ಕದ್ದು ತೆರೆಯುತ್ತದೆ. ಅಬಕಾರಿ ವರಮಾನದ ಗುರಿಯನ್ನು ವರ್ಷ ವರ್ಷ ಏರಿಸುವ ಸರ್ಕಾರ ಕುಡಿಯಬೇಡ ಎಂದರೆ ಯಾರು ನಂಬುತ್ತಾರೆ? ಸ್ವೀಡನ್ನಿನಲ್ಲೂ ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ದುರವಸ್ಥೆಯಿತ್ತು. ಯುರೋಪಿನ ಒಕ್ಕೂಟಕ್ಕೆ 1995ರಲ್ಲಿ ಸೇರಿದ ಮೇಲೆ ಆ ಏಕಸ್ವಾಮ್ಯವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದಾಗಲೂ, ಚಿಲ್ಲರೆ ಮಾರಾಟದ ಮಟ್ಟಿಗೆ ಅದು 1997ರಲ್ಲಿ ಉಳಿದುಕೊಂಡಿತು. ನನ್ನ ಒಂದು ಲೋಟಕ್ಕೆ 8 ಕ್ರೋನ ಆಗಲಿ, ಶನಿವಾರ ಮೂರಕ್ಕೆ ಬಾಗಿಲು ಹಾಕಲಿ. ಅದರಿಂದ ಯಾವುದೋ ಮನೆಯಲ್ಲಿ ಒಂದು ಮಗು ಸೋಮವಾರ ಶಾಲೆಗೆ ಹೋಗುವುದಾದರೆ ನನ್ನ ತಕರಾರಿಲ್ಲ.

ಸೆಪ್ಟೆಂಬರಿನಲ್ಲಿ, ಹಿಂತಿರುಗುವ ಮುನ್ನ, ಮಗಳು ಅಳಿಯ ನಮ್ಮನ್ನು ನಾಲ್ಕು ದಿನ ಪೋರ್ತು ನಗರಕ್ಕೆ ಕರೆದುಕೊಂಡು ಹೋದರು. ನದಿಯ ಒಂದು ದಡ ಪೋರ್ತು, ಎದುರು ದಡ ವಿಲಾ ನೋವ ದಿ ಗಾಯ. ನಡುವೆ 1886ರಲ್ಲಿ ತೆರೆದ ಎರಡಂತಸ್ತಿನ ಕಬ್ಬಿಣದ ಸೇತುವೆ. ಪೋರ್ಟಿನ ಉಗ್ರಾಣಗಳೆಲ್ಲ ಇರುವುದು ಗಾಯದಲ್ಲಿ. ರಾಬೆಲೊ ಎಂಬ ಚಪ್ಪಟೆ ತಳದ ದೋಣಿಗಳು ದಡದಲ್ಲಿ ಜಾಹೀರಾತಿನ ಹಾಗೆ ನಿಂತಿವೆ. ಒಂದು ಕಾಲದಲ್ಲಿ 550 ಲೀಟರಿನ ಪೀಪಾಯಿಗಳನ್ನು ಹೊತ್ತು ಸುಳಿಗಳನ್ನು ದಾಟಿ ಬರುತ್ತಿದ್ದವಂತೆ. ಈಗ ನದಿಗೆ ಅಣೆಕಟ್ಟುಗಳು, ವೈನಿಗೆ ಲಾರಿಗಳು. ಕಾಳಿ ನದಿಯ ದೋಣಿಗಳನ್ನು ಕಂಡ ನನಗೆ ಅವನ್ನು ನೋಡಿ ಬಹಳ ಹೊತ್ತು ನಿಲ್ಲಬೇಕೆನಿಸಿತು.

ಒಂದು ದಿನ ರೈಲಿನಲ್ಲಿ ಮೇಲಕ್ಕೆ, ಪಿನ್ಯಾವ್ ಎಂಬ ಊರಿನವರೆಗೆ ಹೋದೆವು. ಹಳಿ ನದಿಯ ಅಂಚನ್ನೇ ಹಿಡಿದು ಸಾಗುತ್ತದೆ. ಎರಡೂ ಕಡೆ ಗುಡ್ಡಗಳನ್ನು ಕಡಿದು ಪದರುಗಲ್ಲಿನ ಪಾಗಾರ ಕಟ್ಟಿ ಮಾಡಿದ ಮೆಟ್ಟಿಲು ಮೆಟ್ಟಿಲು ತೋಟಗಳು. ನಮ್ಮ ಘಟ್ಟದ ಗದ್ದೆಗಳಿಗೆ ನೀರು ಮಣ್ಣು ಎರಡೂ ಇವೆ. ಅಲ್ಲಿ ಮಣ್ಣೆಂಬುದೇ ಇಲ್ಲ, ಕಲ್ಲಿನ ಬಿರುಕಿಗೆ ಬಳ್ಳಿಯ ಬೇರು ಇಳಿಯಬೇಕು. ಪಿನ್ಯಾವ್ ನಿಲ್ದಾಣದ ಗೋಡೆಯ ನೀಲಿ ಬಿಳಿ ಹಂಚುಗಳ ಮೇಲೆ ಕೊಯ್ಲಿನ ಚಿತ್ರಗಳಿವೆ. ನಾವು ಹೋದದ್ದು ಕೊಯ್ಲಿನ ಕಾಲವೇ ಆದ್ದರಿಂದ ಹಂಚಿನ ಮೇಲಿನ ಬುಟ್ಟಿಗಳನ್ನೂ ಎದುರಿನ ಗುಡ್ಡದ ಬುಟ್ಟಿಗಳನ್ನೂ ಒಟ್ಟಿಗೆ ನೋಡಿದೆವು. ಈ ಕಣಿವೆಗೆ 1756ರಲ್ಲೇ ಪೊಂಬಾಲ್ ಎಂಬ ಮಂತ್ರಿ ಎಲ್ಲೆಗಲ್ಲು ಹಾಕಿಸಿ, ಇದರ ಒಳಗಿನದು ಮಾತ್ರ ಪೋರ್ಟ್ ಎಂದು ಗೊತ್ತುಮಾಡಿದ. ಇನ್ನೂ ಮೇಲಕ್ಕೆ ವಲೇರಾ ಎಂಬ ಸುಳಿಯಲ್ಲಿ 1861ರಲ್ಲಿ ದೋಣಿ ಮಗುಚಿ, ಡೋರು ನದಿಯ ನಕ್ಷೆ ಬರೆದ ಫಾರೆಸ್ಟರ್ ಎಂಬ ಇಂಗ್ಲಿಷ್ ವ್ಯಾಪಾರಿ ಮುಳುಗಿ ಸತ್ತ. ಪೋರ್ಟಿಗೆ ಸಾರಾಯಿ ಬೆರೆಸಬಾರದೆಂದು ಜೀವನವಿಡೀ ಜಗಳವಾಡಿದವನು ಆತ. ಸೊಂಟಕ್ಕೆ ಕಟ್ಟಿದ್ದ ಹಣದ ಭಾರ ಅವನನ್ನು ಮುಳುಗಿಸಿತೆಂದೂ, ಜೊತೆಯಲ್ಲಿದ್ದ ದೋನಾ ಅಂತೋನಿಯಾ ಎಂಬ ತೋಟದೊಡತಿ ತನ್ನ ಅಗಲದ ಲಂಗ ತೇಲಿದ್ದರಿಂದ ಬದುಕಿದಳೆಂದೂ ಹೇಳುತ್ತಾರೆ.

ಅಲ್ಲಿಯ ಸಾಧಾರಣ ದಿನಸಿ ಅಂಗಡಿಯಲ್ಲಿ, ಅಕ್ಕಿ ಎಣ್ಣೆಗಳ ಸಾಲಿನ ಪಕ್ಕದಲ್ಲೇ, ಉಮೆಯೊದಲ್ಲಿ ನಾನು ಕೊಳ್ಳುತ್ತಿದ್ದಂಥ ಟಾನಿ ಐದಾರು ಯೂರೋಗಳಿಗೆ ಇತ್ತು. ಅರ್ಧಕ್ಕರ್ಧ ಬೆಲೆ! ಒಕ್ಕೂಟದ ಒಳಗೆ ಸ್ವಂತ ಬಳಕೆಗೆಂದು ಈ ವರ್ಗದ ಪಾನೀಯವನ್ನು 20 ಲೀಟರಿನವರೆಗೆ ಒಯ್ದರೆ ಸಾಮಾನ್ಯವಾಗಿ ಯಾರೂ ಪ್ರಶ್ನಿಸುವುದಿಲ್ಲ ಎಂದರು ಅಳಿಯ. ನನ್ನ ಮನಸ್ಸು ತಕ್ಷಣ ಗುಣಾಕಾರಕ್ಕೆ ಇಳಿಯಿತು: 26 ಬಾಟಲಿ, 390 ಲೋಟ, ಒಂದು ವರ್ಷದ ಮೇಲೆ ಇಪ್ಪತ್ತೈದು ದಿನ. ಕಾನೂನು 20 ಲೀಟರಿಗೆ ಒಪ್ಪಿದರೂ ವಿಮಾನ 23 ಕಿಲೋಗೆ ಒಪ್ಪಿತ್ತು, ಶ್ರೀಮತಿ ಮೂರು ಬಾಟಲಿಗೆ ಒಪ್ಪಿದಳು. ಮೂರೇ ಬಂದವು. ಒಂದು ಉಮೆಯೊದಲ್ಲಿ ಖಾಲಿಯಾಯಿತು, ಎರಡು ಅಕ್ಟೋಬರಿನಲ್ಲಿ ನಮ್ಮೊಡನೆ ಭಾರತಕ್ಕೆ ಬಂದವು. ನಮ್ಮ ದೇಶದ ಸುಂಕದವರು ಒಬ್ಬರಿಗೆ 2 ಲೀಟರಿನವರೆಗೆ ಬಿಡುತ್ತಾರೆ. ಲಕೋಟೆಯಲ್ಲಿ 200 ಕ್ರೋನಕ್ಕಿಂತ ಸ್ವಲ್ಪ ಹೆಚ್ಚು ಉಳಿದಿತ್ತು. ಮೊಮ್ಮಗಳ ಕೈಯಲ್ಲಿಟ್ಟು ಬಂದೆ.

ಊರಿಗೆ ಬಂದ ಮೇಲೆ ಮತ್ತೆ ನಮ್ಮ ದೇಶದ ಪೋರ್ಟೇ. ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿಯಿಂದಲೂ ಇಂಥ ಸಿಹಿ ವೈನನ್ನು ಮಾಡುತ್ತಾರೆ. ಡೋರು ಕಣಿವೆಯವರು ಇದನ್ನು ಪೋರ್ಟ್ ಎನ್ನಲು ಒಪ್ಪುವುದಿಲ್ಲ, ಯುರೋಪಿನಲ್ಲಿ ಹಾಗೆ ಹೆಸರಿಟ್ಟು ಮಾರುವಂತೆಯೂ ಇಲ್ಲ. ನನಗೇನೂ ಬೇಸರವಿಲ್ಲ. ಅಂಟಂಟು ಸಿಹಿ, ನೇರ ದ್ರಾಕ್ಷಿಯ ವಾಸನೆ. ಆದರೆ ಕಾರವಾರದ ಆ ಜಗಲಿಯ ಮೇಲೆ ನಾನು ಮೊದಲು ಕುಡಿದದ್ದೂ ಸರಿಸುಮಾರು ಇಂಥದನ್ನೇ.

ತಂದ ಎರಡು ಬಾಟಲಿಗಳಲ್ಲಿ ಒಂದನ್ನು ಹಿಡಿದುಕೊಂಡು ನವೆಂಬರಿನಲ್ಲಿ ಕಾರವಾರಕ್ಕೆ ಹೋದೆ. ಗೆಳೆಯರ ಮನೆಯವರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, "ಇದು ಗೋವೆಯದ್ದಾ, ಮಾಸ್ತರೇ?" ಎಂದು ಕೇಳಿದರು. "ಅಲ್ಲ ಅಕ್ಕ, ಪೋರ್ಚುಗಲ್ಲಿನದೇ" ಎಂದೆ. ಬಣ್ಣ ಯಾಕೆ ಹೀಗೆ ಮಾಸಿದೆ ಎಂದರು. ಪೀಪಾಯಿಯ ಕಥೆಯನ್ನೆಲ್ಲ ಹೇಳಿದೆ. ಡಿಸೆಂಬರ್ ಕೊನೆಯಲ್ಲಿ ಮತ್ತೆ ಹೋದಾಗ ತಟ್ಟೆಯಲ್ಲಿ ಕೇಕು ಬಂತು. ಅರ್ಧ ಬಾಟಲಿಯನ್ನು ಅವರು ಅದರ ಒಣದ್ರಾಕ್ಷಿ ನೆನೆಹಾಕಲು ಬಳಸಿದ್ದರು. ಉಳಿದ ಅರ್ಧವನ್ನು ಕಾಗದದಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿದರು: "ನಮ್ಮಲ್ಲಿ ಈಗ ತಕ್ಕೊಳ್ಳೋರು ಯಾರೂ ಇಲ್ಲ." ಬೂಚು ತೆಗೆದದ್ದು ಯಾವಾಗ ಎಂದು ಕೇಳಿ, ಬಸ್ ನಿಲ್ದಾಣದಲ್ಲಿ ಕುಳಿತು ಲೇಬಲ್ಲಿನ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ. ನಾಲ್ಕು ವಾರ ತುಂಬಲು ಇನ್ನೂ ಒಂಬತ್ತು ದಿನಗಳಿದ್ದವು. ಏಳೂವರೆ ಲೋಟವಾಯಿತು.